ಮೂವತ್ತೊಂದನೇ ಎಣಿಕೆ

ಜಯನಗರ ಮೂರನೇ ಬ್ಲಾಕ್
24 ಜೂನ್ 2024

ರಾಮಯ್ಯಾ,

ಹೆಸರು ನೋಡಿದ ಕೂಡಲೇ ಹರಿದು ಬಿಸಾಡಬೇಡ. ನಾನು ಸೇತುರಾಮ. ನಲವತ್ತಾರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಚಾನೆಲ್‌ನವರು ನಿನ್ನ ಫೋನ್ ನಂಬರನ್ನೂ ವಿಳಾಸವನ್ನೂ ಕೊಟ್ಟರು. ಫೋನ್ ಮಾಡಿದರೆ ನನ್ನ ಧ್ವನಿ ಕೇಳಿ ಕಟ್ ಮಾಡುತ್ತೀಯ, ಅದಕ್ಕೇ ಕಾಗದ.

ನಮ್ಮ ‘ಗಿರಿದುರ್ಗದ ಗರುಡ’ ಸಿನಿಮಾ ಈಗ ಟೀವಿಯಲ್ಲಿ ಧಾರಾವಾಹಿಯಾಗಿ ಬರುತ್ತಿದೆಯಲ್ಲ, ನೋಡುತ್ತಿದ್ದೀಯಾ? ನಾನು ದಿನಾ ನೋಡುತ್ತೇನೆ, ದಿನಾ ಹೊಟ್ಟೆ ಉರಿಸಿಕೊಳ್ಳುತ್ತೇನೆ. ಕೋಟೆ ಪ್ಲೈವುಡ್ಡಿನದು, ಬಾಗಿಲು ತಳ್ಳಿದರೆ ಬುರುಜೂ ಜತೆಗೆ ಅಲ್ಲಾಡುತ್ತದೆ. ಕುದುರೆ ಕಂಪ್ಯೂಟರಿನದು, ಅದರ ಕಾಲು ನೆಲಕ್ಕೆ ತಾಗುವುದೇ ಇಲ್ಲ. ಗರುಡ ಕಂದಕ ಈಜಿ ಮೇಲೆ ಹತ್ತುತ್ತಾನೆ, ತಲೆಗೂದಲು ಈಗ ತಾನೇ ಸಲೂನಿನಿಂದ ಬಂದಂತಿದೆ. ನಮ್ಮ ಗರುಡನ ಮುಖ ಪೂರ್ತಿ ಮುಚ್ಚುತ್ತಿದ್ದ ಮುಸುಕನ್ನೇ ತೆಗೆದುಬಿಟ್ಟಿದ್ದಾರೆ. ಹುಡುಗ ಚೆನ್ನಾಗಿದ್ದಾನಂತೆ, ಮುಖ ಕಾಣಬೇಕಂತೆ. ಸಾಲದು ಎಂದು ಗರುಡನಿಗೊಬ್ಬ ತಾಯಿಯನ್ನು ಹುಟ್ಟಿಸಿದ್ದಾರೆ, ಸೊಸೆಗೆ ಕಾಟ ಕೊಡಲು. ಅಲ್ಲಿ ಶತ್ರು ಕೋಟೆಗೆ ಏಣಿ ಹಾಕುತ್ತಿದ್ದಾನೆ, ಇಲ್ಲಿ ಈಕೆ ಸೊಸೆಯ ಪಾಯಸಕ್ಕೆ ಉಪ್ಪು ಸುರಿಯುತ್ತಿದ್ದಾಳೆ. ಮೂರು ಕಂತು ಬರೀ ಪಾಯಸ ಕಣಯ್ಯ!

ಇರಲಿ, ವಿಷಯಕ್ಕೆ ಬರುತ್ತೇನೆ. ನೂರು ಕಂತು ಮುಗಿದ ಮೇಲೆ ಬನಶಂಕರಿಯಲ್ಲಿ ದೊಡ್ಡ ಸಮಾರಂಭ ಮಾಡುತ್ತಾರಂತೆ. ಹಳೆಯ ಸಿನಿಮಾದಲ್ಲಿ ಮುಸುಕಿನೊಳಗೆ ಕತ್ತಿ ಬೀಸಿದವನು ನಾಯಕನಟ ಅಲ್ಲ, ಬೇರೆ ಯಾರೋ ಎಂಬುದು ಅವರಿಗೆ ಹೇಗೋ ಗೊತ್ತಾಗಿದೆ. ಆ ನಿಜವಾದ ಗರುಡನಿಗೆ ಸನ್ಮಾನ ಮಾಡಬೇಕಂತೆ. ಅದು ನಾನೇ ಎಂದು ಚಾನೆಲ್‌ಗೆ ಹೋಗಿ ಹೇಳಿದೆ. ಅಲ್ಲಿ ಸಮನ್ವಿತಾ ಎಂಬ ಹುಡುಗಿ, ‘ಅಂಕಲ್, ಹೀಗೆ ಹೇಳ್ಕೊಂಡು ಈಗಾಗಲೇ ನಾಲ್ಕು ಜನ ಬಂದಿದ್ದಾರೆ. ಆಗ ಸೆಟ್ಟಲ್ಲಿದ್ದೋರು ಯಾರಾದ್ರೂ ಬರೆದುಕೊಡ್ಲಿ’ ಎಂದಳು. ಟೈಟಲ್ಲಿನಲ್ಲಿ ನನ್ನ ಹೆಸರಿಲ್ಲ, ಒಂದು ಫೋಟೊ ತೆಗೆಯಲೂ ಬಿಟ್ಟಿರಲಿಲ್ಲ, ನಿನಗೇ ಗೊತ್ತು. ನಿರ್ದೇಶಕರು, ನಾಯಕರು, ಕ್ಯಾಮೆರಾದವರು ಎಲ್ಲ ಹೋದರು. ಉಳಿದಿರುವವನು ನೀನೊಬ್ಬ. ದಳಪತಿಯಾಗಿ ನನ್ನೆದುರು ಕತ್ತಿ ಹಿಡಿದವನು, ನಿನ್ನ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

ಮೂವತ್ತು ವರ್ಷ ಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದೆ. ಹುಡುಗರು ‘ಗರುಡ ಮೇಷ್ಟ್ರು’ ಎನ್ನುತ್ತಿದ್ದರು, ಹಿಂದಿನಿಂದ ರೆಕ್ಕೆ ಬಡಿದು ತೋರಿಸುತ್ತಿದ್ದರು. ನನ್ನ ಹೆಂಡತಿ ಚೂಡಾಮಣಿಯೇ ಬಂದವರೆದುರು ಮುಖ ತಿರುಗಿಸಿ ನಗುತ್ತಾಳೆ. ನನಗೀಗ ಎಪ್ಪತ್ತೆರಡು. ಇದೊಂದು ಆಗಿಬಿಟ್ಟರೆ ಸಾಕು ರಾಮಯ್ಯ.

ನಿನ್ನ ಹಳೆಯ ಗೆಳೆಯ,
ಸೇತುರಾಮ


ವಸಂತಪುರ
8 ಜುಲೈ 2024

ಸೇತುರಾಮ್ ಅವರಿಗೆ,

ಕಾಗದ ಬಂತು. ಹರಿಯಲಿಲ್ಲ. ನಿಮ್ಮ ಅಕ್ಷರ ಈಗಲೂ ಚೆನ್ನಾಗಿದೆ.

ಧಾರಾವಾಹಿ ನಾನೂ ನೋಡ್ತಾ ಇದ್ದೀನಿ. ಬಲಗಣ್ಣು ಹೋಯ್ತಲ್ಲ, ಎಡಗಣ್ಣಿಗೆ ಎಷ್ಟು ಕಾಣುತ್ತೋ ಅಷ್ಟು. ಎರಡು ಕಣ್ಣಿರೋರಿಗಿಂತ ನನಗೆ ಅರ್ಧ ಹಿಂಸೆ ಕಮ್ಮಿ.

ನಮ್ಮ ಮನೆಯವಳು ಲಕ್ಷ್ಮಮ್ಮ ಹೋಗಿ ಮೂರು ವರ್ಷ ಆಯ್ತು. ಹೊಲ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಿಲ್ಡಿಂಗು, ಬಾಡಿಗೆಯವರಿದ್ದಾರೆ. ಹಿಂದುಗಡೆ ಗರಡಿ ಮನೆ ಮಾತ್ರ ಕೆಡವಲು ಬಿಟ್ಟಿಲ್ಲ. ಬೆಳಿಗ್ಗೆ ಹತ್ತು ಹನ್ನೆರಡು ಜನ ಬರ್ತಾರೆ, ಕತ್ತಿವರಸೆ ಹೇಳಿಕೊಡ್ತೀನಿ. ನಿಮಗೆ ಹೇಳಿಕೊಟ್ಟಿದ್ದೂ ಅಲ್ಲೇ, ನೆನಪಿರಬೇಕು.

ನೀವು ಎರಡು ಹಾಳೆ ಬರೆದಿದ್ದೀರಿ. ಅದರಲ್ಲಿ ನನ್ನ ಕಣ್ಣಿನ ಮಾತಿಲ್ಲ. ಪರವಾಗಿಲ್ಲ. ಕೈ ಜಾರಿದ್ದಕ್ಕೆ ನನಗೆ ಆವತ್ತೂ ಕೋಪ ಇರಲಿಲ್ಲ, ಇವತ್ತೂ ಇಲ್ಲ. ಕತ್ತಿ ಹಿಡಿದೋರಿಗೆ ಯಾವತ್ತಾದರೂ ಒಂದು ದಿನ ಜಾರುತ್ತೆ. ಆದರೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದೆ. ಕಟ್ಟು ಹಾಕದ ಕಣ್ಣಲ್ಲಿ ದಿನಾ ಬಾಗಿಲು ನೋಡ್ತಿದ್ದೆ. ಕುದುರೆ ನೋಡಿಕೊಳ್ತಿದ್ದ ಪಿಳ್ಳಪ್ಪ ಬಂದ, ದಿನಾ ಬಂದ. ಅಡುಗೆಯವರು ಬಂದ್ರು. ನೀವು ಬರಲಿಲ್ಲ.

ಯಾಕೆ ಅಂತ ಬರೀರಿ. ಆಮೇಲೆ ನಿಮಗೆ ಬೇಕಾಗಿದ್ದನ್ನ ನಾನು ಬರೆದುಕೊಡ್ತೀನಿ.

ರಾಮಯ್ಯ


ಜಯನಗರ
20 ಜುಲೈ 2024

ಪ್ರೀತಿಯ ರಾಮಯ್ಯ,

ನಿನ್ನ ಕಾಗದ ಓದಿ ಕಣ್ಣು ತುಂಬಿ ಬಂತು. ಲಕ್ಷ್ಮಮ್ಮ ಹೋದದ್ದು ಗೊತ್ತೇ ಇರಲಿಲ್ಲ. ಅವರ ಕೈಯ ಅವರೆಕಾಳು ಸಾರು ಇನ್ನೂ ನಾಲಿಗೆಯ ಮೇಲಿದೆ.

ನಾನು ಬರದೆ ಇದ್ದದ್ದಕ್ಕೆ ಕಾರಣ ಹೇಳುತ್ತೇನೆ. ಪ್ರೊಡಕ್ಷನ್ ಮ್ಯಾನೇಜರ್ ಮನೆಗೇ ಬಂದು, ‘ಆಸ್ಪತ್ರೆ ಕಡೆ ತಲೆ ಹಾಕ್ಬೇಡ. ಪೇಪರ್‌ನೋರು ಇರ್ತಾರೆ. ನಾಯಕರಿಗೆ ಡೂಪ್ ಇದ್ದ ಅಂತ ಬರೆದ್ರೆ ನಿನ್ನನ್ನ ಬಿಡಲ್ಲ’ ಎಂದ. ಅದೇ ತಿಂಗಳು ನನ್ನ ಮದುವೆ ಬೇರೆ. ಸಿನಿಮಾ ಎಂದರೆ ನಮ್ಮ ಮಾವನವರು ಉರಿದು ಬೀಳುತ್ತಿದ್ದರು. ಆದರೂ ಒಂದು ದಿನ ಆಸ್ಪತ್ರೆಯ ಗೇಟಿನವರೆಗೆ ಬಂದಿದ್ದೆ. ನಂಬುವುದಾದರೆ ನಂಬು. ಒಳಗೆ ಬರಲು ಕಾಲು ಏಳಲಿಲ್ಲ. ಆದದ್ದು ಆಗಿಹೋಯಿತು, ಈಗ ಕೆದಕಿ ಯಾರಿಗೇನು ಬಂತು?

ಬುಧವಾರದ ಕಂತು ನೋಡಿದೆಯಾ? ಗರುಡ ಒಂದೇ ಏಟಿಗೆ ಏಳು ಜನರನ್ನು ಹಾರಿಸಿದ. ಅವರು ಹಾರಿದ ಮೇಲೆ ಇವನು ಕತ್ತಿ ಬೀಸಿದ! ಚೂಡಾಮಣಿ ಹೆಸರುಕಾಳು ಆರಿಸುತ್ತಾ, ‘ಇದಕ್ಕಿಂತ ನಮ್ಮ ಬೀದಿ ಗಣೇಶೋತ್ಸವದ ನಾಟಕ ವಾಸಿ’ ಎಂದಳು. ನಾವು ಮಾಡಿದ್ದನ್ನು ಇವರು ಏಳು ಜನ್ಮಕ್ಕೂ ಮಾಡಲಾರರು ಬಿಡು.

ಸಾಕ್ಷಿ ಪತ್ರ ನಾಲ್ಕು ಸಾಲಿದ್ದರೆ ಸಾಕು. ಬೇಗ ಬರೆದುಕೊಡು.

ಎಂದೆಂದೂ ನಿನ್ನವ,
ಸೇತು


ವಸಂತಪುರ
6 ಆಗಸ್ಟ್ 2024

ಸೇತುರಾಮ್ ಅವರಿಗೆ,

ಗೇಟಿನವರೆಗೆ ಬಂದಿದ್ದೆ ಅಂತ ಬರೆದಿದ್ದೀರಿ. ನಂಬಿದ್ದೀನಿ. ಲಕ್ಷ್ಮಮ್ಮ ಇದ್ದಿದ್ರೆ ನಂಬ್ತಿರಲಿಲ್ಲ. ನಿಮ್ಮ ವಿಷಯಕ್ಕೆ ಅವಳಿಗೂ ನನಗೂ ಯಾವಾಗಲೂ ಜಗಳ.

ಖಂಡಿತ ಬರೆದುಕೊಡ್ತೀನಿ. ನೂರನೇ ಕಂತಿಗೆ ಇನ್ನೂ ಟೈಮಿದೆ, ಗಾಬರಿ ಬೀಳಬೇಡಿ. ಇದೇ ತಿಂಗಳು ಮೂರನೇ ವಾರ ಕೋಟೆ ಮೇಲಿನ ಕತ್ತಿ ಕಾಳಗ ಬರುತ್ತಂತೆ. ಗರುಡಂಗೂ ದಳಪತಿಗೂ ನಡೆಯೋದು, ನಮ್ಮಿಬ್ಬರದ್ದು. ಅದನ್ನ ಗಮನ ಇಟ್ಟು ನೋಡಿ. ಹೆಂಗಿತ್ತು ಅಂತ ನನಗೆ ಬರೀರಿ. ಮಿಕ್ಕಿದ್ದೆಲ್ಲ ಹೆಂಗಾದರೂ ಇರಲಿ, ಅದೊಂದರ ಬಗ್ಗೆ ನಿಮ್ಮ ಮಾತು ಕೇಳಬೇಕು ಅಂತ ಆಸೆ.

ರಾಮಯ್ಯ


ಜಯನಗರ
24 ಆಗಸ್ಟ್ 2024

ರಾಮಯ್ಯಾ,

ಥೂ! ಥೂ! ಇನ್ನೊಂದು ಸಲ ಥೂ!

ನೋಡಿದೆ. ನೋಡಿದ ಮೇಲೆ ಊಟ ಸೇರಲಿಲ್ಲ. ಆ ಕಾಳಗವನ್ನು ಸಂಯೋಜನೆ ಮಾಡಿದವನು ಯಾವನೋ ಆಶ್ರಿತ್ ಅಂತೆ, ಫೈಟ್ ಮಾಸ್ಟರ್. ಅವನಿಗೆ ಕತ್ತಿಗೂ ಪೊರಕೆಗೂ ವ್ಯತ್ಯಾಸ ಗೊತ್ತಿದೆಯಾ? ಮೂವತ್ತರವರೆಗೆ ನಮ್ಮದೇ ಏಟುಗಳು, ಒಂದೊಂದೂ ನಮ್ಮದೇ. ಎಲ್ಲಿ ಕದ್ದನೋ ಕಳ್ಳ. ಮೂವತ್ತೊಂದು ಬರುವಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಏನು ಮಾಡಿದ ಗೊತ್ತಾ? ದಳಪತಿ ಸುಮ್ಮನೆ ಪಕ್ಕಕ್ಕೆ ಸರಿದುಬಿಟ್ಟ, ಬಸ್ಸಿಗೆ ದಾರಿ ಬಿಡುವವನ ಹಾಗೆ. ಗರುಡ ಮುಗ್ಗರಿಸಿ ಮೂತಿ ಕೆಳಗಾಗಿ ಬಿದ್ದ! ಗಿರಿದುರ್ಗದ ಗರುಡ ಮಣ್ಣು ಮುಕ್ಕಿದ! ಅದನ್ನು ಕತ್ತರಿಸಿ ಈಗ ಎಲ್ಲರ ಮೊಬೈಲಿಗೂ ಹಾಕಿದ್ದಾರೆ. ನನ್ನ ಹಳೇ ವಿದ್ಯಾರ್ಥಿ ಭಾರ್ಗವ, ಈಗ ಬ್ಯಾಂಕ್ ಮ್ಯಾನೇಜರು, ನನಗೇ ಕಳಿಸಿ, ‘ಮೇಷ್ಟ್ರೇ, ನೀವು ಹಿಂಗೇ ಬಿದ್ರಾ?’ ಎಂದು ಬರೆದಿದ್ದಾನೆ. ಕೆಳಗೆ ನಗುವ ಬೊಂಬೆ ಆರು.

ಎಂಥ ಕ್ಷಣವನ್ನು ಹಾಳು ಮಾಡಿದರು ಎಂದು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನಲವತ್ತೆರಡು ಏಟು. ಶಬ್ದವನ್ನು ಆಮೇಲೆ ಸೇರಿಸುತ್ತಿದ್ದುದರಿಂದ ಮುಸುಕಿನೊಳಗಿನಿಂದ ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ನೀನು ನನ್ನ ಕತ್ತಿ ನೋಡದೆ, ನನ್ನ ಎಣಿಕೆ ಕೇಳಿ ತಡೆಯುತ್ತಿದ್ದೆ. ಮೂವತ್ತೊಂದು ಎಂದರೆ ತಲೆಯ ಮೇಲಿನ ಏಟು, ನೀನು ಕತ್ತಿ ಮೇಲೆತ್ತಬೇಕು. ಮೂವತ್ತೆರಡು ಎಂದರೆ ಮುಖಕ್ಕೆ ನೇರ ತಿವಿತ, ನೀನು ಬಗ್ಗಬೇಕು. ಒಂಬತ್ತು ಟೇಕ್ ಆಗಿತ್ತು, ನೆನಪಿದೆಯಾ? ಒಂದಕ್ಕೂ ನಿರ್ದೇಶಕರು ತಲೆಯಾಡಿಸಲಿಲ್ಲ. ನೀನು ಅಷ್ಟು ಚೆನ್ನಾಗಿ ತಡೆಯುತ್ತಿದ್ದೆ, ಮುಖದಲ್ಲಿ ಹೆದರಿಕೆಯೇ ಬರುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, ‘ಅವನ ಮುಖದಲ್ಲಿ ಭಯ ಬೇಕಯ್ಯ. ಹೆಂಗಾದ್ರೂ ತರ್ಸು’ ಎಂದರು.

ಈಗ ಹೇಳಿದರೇನು ತಪ್ಪು? ಇಬ್ಬರೂ ಮುದುಕರಾದೆವು. ಹತ್ತನೇ ಟೇಕಿನಲ್ಲಿ ನಾನು ‘ಮೂವತ್ತೊಂದು’ ಎಂದು ಕೂಗಿ ಮೂವತ್ತೆರಡರ ಏಟು ಕೊಟ್ಟೆ. ನಿನ್ನ ಕತ್ತಿ ಮೇಲೆ ಹೋಯಿತು, ನನ್ನದು ನೇರ ಬಂತು. ಗೇಣು ದೂರದಲ್ಲಿ ನಿಲ್ಲಿಸೋಣ ಎಂದಿದ್ದೆ, ಒಂದಿಷ್ಟು ಮುಂದೆ ಹೋಯಿತು. ಆದರೆ ಆ ಅರೆಕ್ಷಣ ನಿನ್ನ ಮುಖದಲ್ಲಿ ಬಂತಲ್ಲ ರಾಮಯ್ಯ, ಅದೇ ಸಿನಿಮಾ! ಇಪ್ಪತ್ತೈದು ವಾರ ಜನ ಶಿಳ್ಳೆ ಹೊಡೆದದ್ದು ಆ ಮುಖಕ್ಕೆ. ನಿನ್ನ ಕಣ್ಣು ವ್ಯರ್ಥವಾಗಲಿಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂಥದ್ದನ್ನು ತೆಗೆದು ಈ ಅಯೋಗ್ಯರು ಗರುಡನನ್ನು ಬೀಳಿಸಿದ್ದಾರೆ. ನಿನಗೆ ಮೈ ಉರಿಯುವುದಿಲ್ಲವಾ?

ಪತ್ರ ಬರೆದೆಯಾ?

ನಿನ್ನ ಗರುಡ,
ಸೇತು


ಜಯನಗರ
28 ಸೆಪ್ಟೆಂಬರ್ 2024

ರಾಮಯ್ಯ,

ತಿಂಗಳ ಮೇಲಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮೈಯಲ್ಲಿ ಹುಷಾರಿದ್ದೀ ತಾನೆ? ಸಮನ್ವಿತಾ ನಿನ್ನೆ ಫೋನ್ ಮಾಡಿ, ‘ಅಂಕಲ್, ಹದಿನೈದನೇ ತಾರೀಕಿನ ಒಳಗೆ ಬೇಕು’ ಎಂದಳು. ಕಳೆದ ಕಾಗದದಲ್ಲಿ ಏನಾದರೂ ಹೆಚ್ಚು ಕಡಿಮೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ. ಕಾಳಗ ನೋಡಿದ ಸಿಟ್ಟಿನಲ್ಲಿ ಬರೆದದ್ದು.

ನಾನು ಯಾರ ಕಾಲನ್ನೂ ಹಿಡಿದವನಲ್ಲ. ನಿನ್ನದು ಹಿಡಿಯುತ್ತೇನೆ. ನಾಲ್ಕು ಸಾಲು ರಾಮಯ್ಯ.

ಸೇತುರಾಮ


ವಸಂತಪುರ
14 ಅಕ್ಟೋಬರ್ 2024

ಸೇತುರಾಮ್ ಅವರಿಗೆ,

ಹುಷಾರಾಗಿದ್ದೀನಿ. ಆಗಸ್ಟಿನ ಕಾಗದ ತಲುಪಿತ್ತು. ಒಂದು ಕಣ್ಣಲ್ಲಿ ಓದಬೇಕಲ್ಲ, ನಿಧಾನ ಆಯ್ತು.

ಗರುಡ ಯಾರು ಅಂತ ಚಾನೆಲ್‌ಗೆ ಬರೆದುಕೊಟ್ಟಿದ್ದೀನಿ. ನೆನ್ನೆ ಆ ಹುಡುಗಿ ಸಮನ್ವಿತಾ ಮನೆಗೆ ಬಂದಿದ್ದರು, ಅವರ ಕೈಗೇ ಕೊಟ್ಟೆ. ವಿಡಿಯೋ ಕೂಡ ಮಾಡಿಕೊಂಡು ಹೋದರು. ಸ್ಟೇಜ್ ಮೇಲೆ ಹೇಳೋವರೆಗೂ ಯಾರಿಗೂ ಹೇಳಬಾರದಂತೆ, ನಿಮಗೂ ಫೋನ್ ಮಾಡಲ್ಲ ಅಂದರು. ಅದಕ್ಕೆ ನೀವೂ ಕೇಳೋಕೆ ಹೋಗಬೇಡಿ.

ಸಮಾರಂಭ ನವೆಂಬರ್ ಹತ್ತು, ಭಾನುವಾರ ಸಾಯಂಕಾಲ ಐದಕ್ಕೆ. ಮನೆಯವರನ್ನ ಕರಕೊಂಡು ಬನ್ನಿ. ನಿಮ್ಮ ಹಳೇ ಹುಡುಗರನ್ನೂ ಕರೀರಿ, ಆ ನಗುವ ಬೊಂಬೆ ಕಳಿಸಿದವರನ್ನ ಮರೀಬೇಡಿ. ಒಳ್ಳೆ ಪಂಚೆ ಉಟ್ಟುಕೊಂಡು ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನಾನು ಸ್ಟೇಜ್ ಮೇಲಿರ್ತೀನಿ. ನಿಮ್ಮ ಮುಖ ನನಗೆ ಕಾಣಬೇಕು.

ರಾಮಯ್ಯ


ಜಯನಗರ
12 ನವೆಂಬರ್ 2024

ರಾಮಯ್ಯ,

ಎಂಥ ನೀಚ ಕೆಲಸ ಮಾಡಿದೆ ನೀನು.

ಮೈಸೂರು ಅಂಚಿನ ರೇಷ್ಮೆ ಪಂಚೆ ಉಟ್ಟುಕೊಂಡು ಬಂದಿದ್ದೆ. ಚೂಡಾಮಣಿ ಮಗಳ ಮದುವೆಯ ಸೀರೆ ತೆಗೆದು ಉಟ್ಟಿದ್ದಳು. ಭಾರ್ಗವ ಹನ್ನೊಂದು ಜನರನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದ. ಕರಿ ಕನ್ನಡಕ ಹಾಕಿಕೊಂಡು ಸ್ಟೇಜ್ ಮೇಲೆ ಕಲ್ಲಿನ ಹಾಗೆ ಕೂತಿದ್ದೆಯಲ್ಲ, ಎಲ್ಲ ನೋಡುತ್ತಲೇ ಇದ್ದೆಯಲ್ಲ! ‘ಈಗ ನಿಜವಾದ ಗರುಡ’ ಎಂದರು. ನಾನು ಎದ್ದು ನಿಂತೆ. ಭಾರ್ಗವನ ಕಡೆಯವರು ಚಪ್ಪಾಳೆ ಶುರು ಮಾಡಿದರು. ಆಮೇಲೆ ಪರದೆಯ ಮೇಲೆ ಬಂತು, ‘ದಿವಂಗತ ಪಿಳ್ಳಪ್ಪ’.

ಪಿಳ್ಳಪ್ಪ! ಕುದುರೆಗೆ ಹುರುಳಿ ಬೇಯಿಸುತ್ತಿದ್ದವನು! ಕತ್ತಿಯನ್ನು ಕೈಯಲ್ಲಿ ಮುಟ್ಟಿದವನಲ್ಲ! ಅವನ ಮಗಳು ನಾಗಲಕ್ಷ್ಮಮ್ಮನಂತೆ, ಆಕೆಗೆ ಶಾಲು ಹೊದಿಸಿದರು. ಆಕೆ ಮೈಕಿನ ಮುಂದೆ ಗೊಳೋ ಎಂದು ಅತ್ತಳು. ನಾನು ಇನ್ನೂ ನಿಂತೇ ಇದ್ದೆ. ಹಿಂದಿನಿಂದ ಯಾರೋ, ‘ಅಂಕಲ್, ಕೂತ್ಕೊಳಿ, ಕಾಣಿಸ್ತಿಲ್ಲ’ ಎಂದರು.

ಮುಗಿದ ಮೇಲೆ ಸಮನ್ವಿತಾಳನ್ನು ಹಿಡಿದು ಕೇಳಿದೆ. ‘ರಾಮಯ್ಯ ತಾತಾನೇ ಬರೆದುಕೊಟ್ಟಿದ್ದಾರೆ ಅಂಕಲ್. ನೀವು ಲೈಟ್ ಹಿಡೀತಿದ್ರಂತೆ, ಅದನ್ನೂ ಹೇಳಿದ್ರು. ಬೇಜಾರ್ ಮಾಡ್ಕೋಬೇಡಿ’ ಎಂದಳು. ಚೂಡಾಮಣಿ ಮನೆ ಬೀಗ ತೆಗೆಯುತ್ತಾ, ‘ನಾನು ಯಾವತ್ತೂ ನಂಬಿರಲಿಲ್ಲ. ಇನ್ಮೇಲೆ ಮನೆಗೆ ಬಂದೋರಿಗೆ ಆ ಕತೆ ಹೇಳ್ಬೇಡಿ, ಮರ್ಯಾದೆ ಹೋಗುತ್ತೆ’ ಎಂದಳು.

ನಿನ್ನ ಮಾತು ನಂಬಿ ಬಂದೆ. ಒಂದು ಹೇಳಿ ಇನ್ನೊಂದು ಮಾಡಿದೆಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತು? ಚಾನೆಲ್‌ಗೆ ಇನ್ನೊಂದು ಸಾಲು ಬರೆ. ವಯಸ್ಸಾಗಿ ಮರೆತೆ ಎಂದಾದರೂ ಬರೆ.

ಸೇತುರಾಮ


ವಸಂತಪುರ
20 ನವೆಂಬರ್ 2024

ಲೋ ಸೇತು,

ಒಂದು ಹೇಳಿ ಇನ್ನೊಂದು ಮಾಡಿದೆ ಅಂತ ಬೈದಿದ್ದೀಯ. ಅದು ಹೆಂಗಿರುತ್ತೆ ಅಂತ ನಿನಗೆ ಗೊತ್ತಾಗಲಿ ಅಂತಲೇ ಮಾಡಿದ್ದು.

ಧಾರಾವಾಹಿಯವರ ಆಶ್ರಿತ್ ಎರಡು ತಿಂಗಳು ನಮ್ಮ ಗರಡಿಗೆ ಬಂದಿದ್ದ. ನಲವತ್ತೆರಡು ಏಟೂ ಹೇಳಿಕೊಟ್ಟವನು ನಾನು. ಮೂವತ್ತೊಂದರಲ್ಲಿ ದಳಪತಿ ಪಕ್ಕಕ್ಕೆ ಸರಿಯೋದು ನಾನು ಹಾಕಿಸಿದ್ದು. ಟೀವಿಯಲ್ಲಾದರೂ ಆ ನನ್ಮಗನ ಕಣ್ಣು ಉಳೀಲಿ ಅಂತ ಒಂದು ಆಸೆ. ಗರುಡ ಬೀಳಬೇಕು ಅಂತ ಇರಲಿಲ್ಲ, ಆ ಹುಡುಗನಿಗೆ ಕಾಲು ನಿಲ್ಲಲಿಲ್ಲ, ಅವರು ಹಂಗೇ ಬಿಟ್ಟರು. ಅದನ್ನ ನೋಡಿ ನೀನು, ‘ಆವತ್ತು ನೀನೂ ಹಿಂಗೇ ಸರಿದಿದ್ರೆ ಚೆನ್ನಾಗಿತ್ತು ರಾಮಯ್ಯ’ ಅಂತ ಬರೀತೀಯ ಅಂದುಕೊಂಡಿದ್ದೆ. ಅದೊಂದು ಸಾಲಿಗೆ ಕಾದಿದ್ದೆ. ನಿನ್ನ ಪರವಾದ ಪತ್ರ ಜುಲೈಯಲ್ಲೇ ಬರೆದು, ಸೈನ್ ಹಾಕಿ, ಬೀರುವಿನಲ್ಲಿಟ್ಟಿದ್ದೆ.

ಲಕ್ಷ್ಮಮ್ಮ ಮೊದಲನೇ ದಿನದಿಂದಲೂ ಹೇಳ್ತಿದ್ದಳು, ‘ಅವ್ನು ಬೇಕಂತ್ಲೇ ಚುಚ್ಚವ್ನೆ’ ಅಂತ. ಇಲ್ಲ ಕಣೆ, ಕೈ ಜಾರಿತು, ಎಣಿಸ್ತಾ ಇದ್ದ, ನಾನೇ ಕೇಳಿದೀನಿ ಅಂತ ನಾನು. ಒಂದು ಸಲ ಇಡೀ ನೆಂಟರ ಎದುರಿಗೆ ಅದೇ ಮಾತಂದಳು. ಕೆನ್ನೆಗೆ ಹೊಡೆದೆ. ಅವಳ ಮೇಲೆ ನಾನು ಕೈ ಎತ್ತಿದ್ದು ಬಾಳಲ್ಲಿ ಅದೊಂದೇ ಸಲ. ಆಮೇಲೆ ಸಾಯೋವರೆಗೂ ನಿನ್ನ ಹೆಸರು ಎತ್ತಲಿಲ್ಲ. ನಿನ್ನ ಆಗಸ್ಟಿನ ಕಾಗದ ಓದಿ ಅವಳ ಫೋಟೊ ಮುಂದೆ ಕೂತಿದ್ದೆ. ಕಣ್ಣು ಹೋಗಿದ್ದಕ್ಕೆ ಇಷ್ಟು ಸಂಕಟ ಆಗಿರಲಿಲ್ಲ ಕಣೋ. ನಾನು ಯಾರ ಹತ್ತಿರ ಹೋಗಿ ತಪ್ಪಾಯ್ತು ಅನ್ನಲಿ?

ಪಿಳ್ಳಪ್ಪ ಕತ್ತಿ ಮುಟ್ಟಿದವನಲ್ಲ, ನಿಜ. ನನ್ನನ್ನ ಎತ್ತಿಕೊಂಡು ಮೇನ್ ರೋಡಿನವರೆಗೆ ಓಡಿದವನು ಅವನು. ಆ ಹೊತ್ತಿಗೆ ನೀನು ಮುಸುಕು ತೆಗೆದು ಟೀ ಕುಡೀತಿದ್ದೆಯಂತೆ, ಅವನೇ ಹೇಳಿದ. ಅವನ ಮಗಳು ಆ ಶಾಲನ್ನ ದೇವರ ಮನೆಯಲ್ಲಿಟ್ಟಿದ್ದಾಳೆ. ಉತ್ತರಹಳ್ಳಿಯಲ್ಲಿದ್ದಾಳೆ, ಬೇಕಾದರೆ ಹೋಗಿ ನಿಮ್ಮಪ್ಪ ಗರುಡ ಅಲ್ಲ ಅಂತ ಹೇಳಿ ಬಾ.

ಸ್ಟೇಜ್ ಮೇಲಿಂದ ನಿನ್ನನ್ನೇ ನೋಡ್ತಿದ್ದೆ. ಎದ್ದು ನಿಂತು ಪಂಚೆ ಸರಿಮಾಡಿಕೊಂಡೆ. ಹೆಸರು ಬಂದಾಗ ನಿನ್ನ ಮುಖದಲ್ಲಿ ಬಂತು ನೋಡು, ಆಹಾ! ನಿಮ್ಮ ನಿರ್ದೇಶಕರು ಬದುಕಿದ್ದಿದ್ರೆ ಒಂದೇ ಟೇಕಿಗೆ ಓಕೆ ಅಂತಿದ್ರು.

ಚಾನೆಲ್‌ಗೆ ನಾನು ಇನ್ನೊಂದು ಸಾಲು ಬರೆಯೋದಿಲ್ಲ. ನೀನೇ ಗರುಡ ಅನ್ನೋದಕ್ಕೆ ಈಗ ಒಂದೇ ಒಂದು ಸಾಕ್ಷಿ ಇರೋದು, ಆಗಸ್ಟ್ ಇಪ್ಪತ್ನಾಲ್ಕರಂದು ನಿನ್ನ ಕೈಯಾರೆ ನೀನೇ ಬರೆದ ಕಾಗದ. ಎಣಿಕೆ, ಏಟು, ಟೇಕು ಎಲ್ಲ ಇದೆ, ಓದಿದವರು ಯಾರೂ ಅನುಮಾನ ಪಡಲ್ಲ. ಈ ಲಕೋಟೆಯಲ್ಲಿ ವಾಪಸ್ ಇಟ್ಟಿದ್ದೀನಿ. ಚಾನೆಲ್‌ಗೆ ತೋರಿಸು, ಪೇಪರ್‌ಗೆ ಕೊಡು, ನಿನ್ನ ಹುಡುಗರ ಮೊಬೈಲಿಗೆಲ್ಲ ಹಾಕು. ಮೊದಲು ಚೂಡಾಮಣಿ ಅವರನ್ನ ಕೂರಿಸಿಕೊಂಡು ಪೂರ್ತಿ ಓದಿ ಹೇಳು.

ನಾನು ಜೆರಾಕ್ಸ್ ಇಟ್ಟುಕೊಂಡಿಲ್ಲ.

ರಾಮಯ್ಯ